ಬೋಟು ಕೊಂಡವರು ಯಾರು, ಸಾಕಿದವರು ಯಾರು?

ಕೃಷ್ಣಾ ತೀರದಲ್ಲಿ ಬೋಟಿನ ಸುದ್ದಿ ಏಳುವುದು ಜುಲೈನಲ್ಲಿ, ಬೋಟಿನ ಕೆಲಸ ಇರುವುದು ಮಾರ್ಚ್‌ನಲ್ಲಿ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿದು ಕೊಯ್ನಾದಿಂದ ನೀರು ಬಿಟ್ಟರೆ ಮೊದಲು ಮುಳುಗುವುದು ಕಲ್ಲೋಳ–ಯಡೂರದಂಥ ಕೆಳಮಟ್ಟದ ಸೇತುವೆ. ದೂಧಗಂಗಾ, ವೇದಗಂಗಾ ಉಕ್ಕಿದರೆ ನಿಪ್ಪಾಣಿ ಕಡೆಯ ಕಾರದಗಾ–ಭೋಜ, ಜತ್ರಾಟ–ಭಿವಶಿ ದಾರಿಗಳೂ ಬಂದ್. ಆಗ ಎಲ್ಲರದೂ ಒಂದೇ ಪ್ರಶ್ನೆ: ಬೋಟು ಐತೇನು? 2005, 2019, 2021ರ ಮಹಾಪೂರಗಳಲ್ಲೂ ಕೇಳಿದ್ದು ಇದನ್ನೇ. ಆದರೆ ಅಷ್ಟೇ ಕೇಳಿದರೆ ಸಾಲದು. ಆ ಬೋಟು ಎಂಥದು, ಹೊಳೆ ಇಳಿದ ಮೇಲೆ ಅದನ್ನು ನೋಡಿಕೊಳ್ಳುವವರು ಯಾರು ಎಂಬುದನ್ನೂ ಕೇಳಬೇಕು.

ಬೋಟನ್ನು ಅಳೆಯುವ ಮೊದಲು ಹೊಳೆಯನ್ನು ಅಳೆಯಬೇಕು. ಇಲ್ಲಿಯ ಮಹಾಪೂರದ ನೀರು ನದಿಪಾತ್ರದಲ್ಲಷ್ಟೇ ಹರಿಯುವುದಿಲ್ಲ, ಕಬ್ಬಿನ ಗದ್ದೆಗೆ ಹರಡುತ್ತದೆ. ತೋಟದ ವಸ್ತಿಗೆ ಹೋಗುವ ಬೋಟಿನ ಕೆಳಗೆ ಮುಳುಗಿದ ಕಬ್ಬು, ಜಾಲಿಮುಳ್ಳು, ತಂತಿಬೇಲಿ, ಪಂಪ್‌ಸೆಟ್ಟಿನ ಪೈಪು ಇರುತ್ತವೆ. ಆದ್ದರಿಂದ ತಳ ಚಪ್ಪಟೆಯಾಗಿರಬೇಕು, ಮುಳ್ಳಿಗೆ ಹೆದರದಂತಿರಬೇಕು. ಹಾಯಿ ಇಲ್ಲಿ ನಡೆಯದು. ಮುಂಗಾರಿನ ಗಾಳಿ ಬೀಸುವುದು ಪಶ್ಚಿಮದಿಂದ, ಹೊಳೆ ಹರಿಯುವುದು ಪೂರ್ವಕ್ಕೆ. ಗಾಳಿ, ನೀರು ಎರಡೂ ಒಂದೇ ಕಡೆ ತಳ್ಳಿದರೆ ಹೋದವನು ಮರಳುವುದು ಕಷ್ಟ. ಗಾಳಿಗೆ ಎದುರು ಸಾಗಲು ಹಾಯಿದೋಣಿಯ ತಳದಿಂದ ಒಂದು ಹಲಗೆಯನ್ನು ನೀರಿಗಿಳಿಸಬೇಕು. ಅದು ಮೊದಲು ಸಿಕ್ಕಿಕೊಳ್ಳುವುದೇ ತಂತಿಬೇಲಿಗೆ. ದಸರೆಯ ಮೇಲೆ ಹಿಪ್ಪರಗಿ ಬ್ಯಾರೇಜಿನ ನಿಂತ ಹಿನ್ನೀರಿನಲ್ಲಿ ಹಾಯಿ ಕಟ್ಟಬಹುದು, ಆದರೆ ಅದು ಹವ್ಯಾಸದ ಮಾತು.

ಹೀಗಿದ್ದರೂ ಹಾಯಿದೋಣಿಯ ಲೋಕದಿಂದ ಕಲಿಯಬೇಕಾದ ಒಂದು ಪಾಠವಿದೆ. 1947ರಲ್ಲಿ ಅಮೆರಿಕದ ಕ್ಲಾರ್ಕ್ ಮಿಲ್ಸ್ ಮಕ್ಕಳಿಗಾಗಿ ರೂಪಿಸಿದ ಆಪ್ಟಿಮಿಸ್ಟ್, 1960ರ ದಶಕದ ಆರಂಭದಲ್ಲಿ ಬ್ರಿಟನ್ನಿನಲ್ಲಿ ಬಂದ ಮಿರರ್ ಡಿಂಗಿ, ಎರಡೂ ಪ್ಲೈವುಡ್ಡಿನಲ್ಲಿ ಮನೆಯಲ್ಲೇ ಕಟ್ಟಬಹುದಾದ ದೋಣಿಗಳು. ಮಿರರ್‌ನ ಹಲಗೆಗಳನ್ನು ತಾಮ್ರದ ತಂತಿಯಿಂದ ಹೊಲಿದು ಸಂದಿಗೆ ಫೈಬರ್ ಪಟ್ಟಿ ಅಂಟಿಸಿದರೆ ಆಯಿತು. ಕಟ್ಟಿದವನಿಗೆ ರಿಪೇರಿಯೂ ಗೊತ್ತಿರುತ್ತದೆ. ನಮ್ಮ ಬೋಟುಗಳನ್ನೂ ಈ ಅಳತೆಯಿಂದಲೇ ನೋಡೋಣ.

ಮರದ ದೋಣಿಗೆ ಊರ ಬಡಿಗ ಸಾಕು: ಉಳಿ, ಕೊಡತಿ, ಬಾಚಿ, ಸಂದಿಗೆ ತುರುಕಲು ಹತ್ತಿ, ಮೇಲೆ ಬಳಿಯಲು ಡಾಂಬರು. ದೋಷವೆಂದರೆ ಬೇಸಿಗೆ. ಒಣಗಿದ ಹಲಗೆ ಕುಗ್ಗಿ ಸಂದು ಬಿಡುತ್ತದೆ. ನೆರಳಲ್ಲಿ ಕವುಚಿಡದೆ, ಮಳೆಗೆ ಮುಂಚೆ ನೀರಲ್ಲಿ ನೆನೆಹಾಕದೆ ಹೊಳೆಗಿಳಿಸಿದರೆ ನಡುನೀರಲ್ಲಿ ಸೋರುತ್ತದೆ.

ಕಬ್ಬಿಣದ ಬೋಟಿಗೆ ಈ ಸೀಮೆಯಲ್ಲಿ ವೈದ್ಯರ ಕೊರತೆಯಿಲ್ಲ. ಕಬ್ಬಿನ ಟ್ರೇಲರ್ ಕಟ್ಟುವ ವೆಲ್ಡಿಂಗ್ ಅಂಗಡಿ ಉಗಾರದಲ್ಲೂ ಸಿಗುತ್ತದೆ, ಅಥಣಿಯಲ್ಲೂ ಸಿಗುತ್ತದೆ. ಆದರೆ 3 ಮಿಲಿಮೀಟರ್ ತಗಡಿನ 12 ಅಡಿಯ ಬೋಟು ಖಾಲಿಯಿದ್ದಾಗಲೇ ಎರಡು ಕ್ವಿಂಟಲ್ ದಾಟುತ್ತದೆ. ಮುಚ್ಚಿದ ಗಾಳಿಪೆಟ್ಟಿಗೆ ಇಲ್ಲದಿದ್ದರೆ, ನೀರು ತುಂಬಿದ ಕ್ಷಣ ತಳ ಸೇರುತ್ತದೆ. ಇದರ ಬಡ ತಮ್ಮ ಬೆಲ್ಲದ ಕಡಾಯಿ. ನೀರು ಅಂಗಳಕ್ಕೆ ಬಂದಾಗ ಸಾಮಾನು ಸಾಗಿಸಲು ಅದು ಆದೀತು. ಗುಂಡಗಿರುವುದರಿಂದ ಸೆಳವಿಗೆ ಸಿಕ್ಕರೆ ಗಿರಗಿರ ತಿರುಗುತ್ತದೆ, ದಿಕ್ಕು ಹಿಡಿಯುವುದಿಲ್ಲ.

ರಬ್ಬರ್ ಬೋಟು ಟ್ರಕ್ಕಿನಲ್ಲಿ ಮಡಚಿಕೊಂಡು ಬರುತ್ತದೆ, ಬೇಗ ಸಜ್ಜಾಗುತ್ತದೆ. ಅಗ್ನಿಶಾಮಕ ದಳ, ಎನ್‌ಡಿಆರ್‌ಎಫ್ ಪಡೆಗೆ ಅದು ತಕ್ಕದ್ದು, ಏಕೆಂದರೆ ಅವರಲ್ಲಿ ಅದಕ್ಕೆಂದೇ ಆಳಿದ್ದಾರೆ. ಒದ್ದೆಯಾಗಿ ಮಡಚಿಟ್ಟರೆ ಬೂಸ್ಟು, ಬಿಸಿಲಿಗಿಟ್ಟರೆ ಅಂಟು ಬಿಡುತ್ತದೆ, ಗೋದಾಮಿನಲ್ಲಿ ಇಲಿ ಕಾಟ. ಪಂಚಾಯಿತಿಯ ಕೋಣೆಯಲ್ಲಿ ಬೀಗ ಹಾಕಿಡುವ ವಸ್ತು ಅದಲ್ಲ.

ಉಳಿದದ್ದು ಫೈಬರ್. ಹಗುರ, ತುಕ್ಕಿಲ್ಲ, ಒಳಪದರದಲ್ಲಿ ಫೋಮ್ ತುಂಬಿದರೆ ನೀರು ನುಗ್ಗಿದರೂ ಮುಳುಗುವುದಿಲ್ಲ. ಒಡೆದ ಜಾಗವನ್ನು ಗ್ರೈಂಡರ್‌ನಿಂದ ಉಜ್ಜಿ, ಒಣಗಿಸಿ, ಮ್ಯಾಟ್ ಇಟ್ಟು ರೆಸಿನ್–ಹಾರ್ಡನರ್ ಬಳಿಯಬೇಕು. ತೇವದಲ್ಲಿ ಇದು ಸರಿಯಾಗಿ ಹಿಡಿಯದು. ಹಾಗಾಗಿ ಇದರ ರಿಪೇರಿ ಬೇಸಿಗೆಯಲ್ಲೇ ಮುಗಿಯಬೇಕು. ಹಳ್ಳಿಗೆ ಒಂದೇ ಬೋಟು ಎಂದಾದರೆ ನನ್ನ ಮತ ಇದಕ್ಕೇ.

ಆದರೆ ಎಂಥ ಬೋಟೂ ಹೊರೆಯ ಲೆಕ್ಕ ತಪ್ಪಿದರೆ ಕೊಲ್ಲುತ್ತದೆ. 12 ಅಡಿ ಉದ್ದ, 4 ಅಡಿ ಅಗಲದ ಪೆಟ್ಟಿಗೆಯಾಕಾರದ ಬೋಟು ಒಂದು ಅಂಗುಲ ಇಳಿಯಲು ಸುಮಾರು 113 ಕಿಲೋ ಸಾಕು. ಎಂದರೆ ಇಬ್ಬರು ಹತ್ತಿದರೆ ಒಂದು ಅಂಗುಲ. ಹತ್ತು ಜನರ ಜೊತೆ ಒಂದು ಬೈಕೂ ಏರಿದರೆ ಅರ್ಧ ಅಡಿ ಮಿಕ್ಕಿ ಹೋಯಿತು. ಮೂತಿ ಚೂಪಾಗಿದ್ದರೆ ಇನ್ನೂ ಹೆಚ್ಚು. 2019ರ ಆಗಸ್ಟ್ 8ರಂದು ಇದೇ ಕೃಷ್ಣೆಯ ಮೇಲ್ಭಾಗದಲ್ಲಿ, ಸಾಂಗಲಿ ಜಿಲ್ಲೆಯ ಬ್ರಹ್ಮನಾಳದಲ್ಲಿ, ಪ್ರವಾಹದಿಂದ ಪಾರಾಗಲು ಹೊರಟವರ ಬೋಟು ಮಗುಚಿ ಹತ್ತಾರು ಮಂದಿ ಸತ್ತರು. ಹಿಡಿಯಲಾರದಷ್ಟು ಜನ ಅದರಲ್ಲಿದ್ದರು. ಬೋಟಿನ ಪಕ್ಕೆಗೆ ಒಂದು ಕೆಂಪು ಗೆರೆ ಎಳೆದು, ಅದು ಮುಳುಗಿದರೆ ಒಬ್ಬರು ಇಳಿಯಲೇಬೇಕು ಎಂಬ ಕಟ್ಟಳೆ ಮಾಡಲು ಒಂದು ಡಬ್ಬಿ ಬಣ್ಣ ಸಾಕು.

ಎಂಜಿನ್ನಿನ ಕಥೆಯೂ ಹೀಗೇ. ಹೊಳೆಯ ರಾಡಿ ಔಟ್‌ಬೋರ್ಡ್ ಎಂಜಿನ್ನಿನ ನೀರಿನ ಪಂಪನ್ನು ತಿನ್ನುತ್ತದೆ. ಬಳಸಿದ ಮೇಲೆ ತಿಳಿನೀರಿನ ಡ್ರಮ್ಮಿನಲ್ಲಿ ಓಡಿಸಿ ತೊಳೆಯಬೇಕು, ಕಾರ್ಬ್ಯುರೇಟರ್ ಬರಿದು ಮಾಡಬೇಕು. ಹೋದ ವರ್ಷದ ಪೆಟ್ರೋಲ್ ಉಳಿದ ಎಂಜಿನ್ ಈ ವರ್ಷದ ಮಹಾಪೂರದಲ್ಲಿ ಹಗ್ಗ ಎಳೆದವರ ತೋಳು ನೋಯಿಸುತ್ತದೆ, ಅಷ್ಟೇ. ಜೊತೆಗೆ ಪ್ಲಗ್ ಪಾನಾ, ಬದಲಿ ಪ್ಲಗ್, ಪಂಖಕ್ಕೆ ಸುತ್ತಿದ್ದನ್ನು ಕೊಯ್ಯಲು ಕುಡಗೋಲು, ಎರಡು ಹುಟ್ಟು, ಉದ್ದನೆಯ ಗಳ, ನೀರೆತ್ತುವ ಡಬ್ಬಿ, ಹಗ್ಗ ಬೇಕು. ಎಂಜಿನ್ ಇದೆಯೆಂದು ಹುಟ್ಟನ್ನು ಮನೆಯಲ್ಲಿ ಬಿಟ್ಟು ಹೋಗುವುದು ಶುದ್ಧ ಅವಿವೇಕ.

ಇಷ್ಟೆಲ್ಲ ಮಾಡುವವರು ಯಾರು? ಹಿಂದೆ ಜುಗೂಳ–ಖಿದ್ರಾಪುರದಂಥ ದಾಟುಗಳಲ್ಲಿ ದೋಣಿ ಅಂಬಿಗನ ಹೊಟ್ಟೆಪಾಡಾಗಿತ್ತು. ಅದು ಸೋರಿದರೆ ಅವನ ಒಲೆ ಉರಿಯುತ್ತಿರಲಿಲ್ಲ. ಸೇತುವೆ ಬಂದಲ್ಲೆಲ್ಲ ಅಂಬಿಗ ಹೋದ, ಮಳೆಗಾಲಕ್ಕಷ್ಟೇ ಬೇಕಾಗುವ, ಯಜಮಾನನಿಲ್ಲದ ಬೋಟು ಬಂತು. ಕಾನೂನೂ ತಡಮಾಡಿತು. 1917ರ ಒಳನಾಡು ಹಡಗು ಕಾಯ್ದೆ ನೋಡಿದ್ದು ಯಂತ್ರದ ದೋಣಿಯನ್ನಷ್ಟೇ. ಹುಟ್ಟು ಹಾಕುವ ದೋಣಿಗೆ ಅದರಲ್ಲಿ ಜಾಗ ಸಿಕ್ಕಿದ್ದು 2021ರ ಹೊಸ ಕಾಯ್ದೆ ಬಂದ ಮೇಲೆ.

ಆದ್ದರಿಂದ ಪಂಚಾಯಿತಿಗಳು ಬೋಟು ಕೊಳ್ಳುವ ಠರಾವಿನಲ್ಲೇ ಮೂರು ಮಾತು ಬರೆಯಲಿ: ವರ್ಷವಿಡೀ ಸಂಬಳ ಪಡೆದು ಅದನ್ನು ಕಾಯುವ ಅಂಬಿಗನ ಹೆಸರು, ಮಾರ್ಚ್ ತಿಂಗಳ ದುರಸ್ತಿಗೆ ತೆಗೆದಿಟ್ಟ ಹಣ, ಜೂನ್ ಮೊದಲ ವಾರ ಊರವರ ಮುಂದೆ ಹೊರೆ ಹೇರಿ ನೋಡುವ ದಿನ. ಈ ಮೂರನ್ನು ಬರೆಯಲಾಗದ ಪಂಚಾಯಿತಿ ಬೋಟು ಕೊಳ್ಳದಿರುವುದೇ ವಾಸಿ. ಬೋಟಿಲ್ಲ ಎಂದು ಗೊತ್ತಿದ್ದ ಜನ ನೀರೇರುವ ಮುಂಚೆಯೇ ಜನಾವರ ಬಿಚ್ಚಿಕೊಂಡು ಊರು ಬಿಡುತ್ತಾರೆ. ಇದೆಯೆಂದು ನಂಬಿದವರು ಕೊನೆಯ ಗಳಿಗೆಯವರೆಗೆ ಕೂತಿರುತ್ತಾರೆ.