ಬೆನ್ನ ಹಿಂದಿನ ಬೆಂಕಿ

ಸಾಂಬ್ರಾದ ಮನೆಯಲ್ಲಿ ಚಿಕ್ಕಪ್ಪನ ಮಗ ಬ್ಯಾಟಲ್‌ಫೀಲ್ಡ್ 5 ಆಡುತ್ತಿದ್ದ. ಎರಡು ಪ್ಯಾಂಜರ್‌ಫೌಸ್ಟ್ ಬಡಿದರೂ ಟ್ಯಾಂಕು ಮುಂದಕ್ಕೇ ಬಂತು. ‘ಇದು ಪೂರಾ ಸುಳ್ಳೈತಿ ಅಣ್ಣಾ’ ಎಂದ. ಸುಳ್ಳು ಹೌದು, ಆದರೆ ಅವನು ಬೆರಳಿಟ್ಟ ಕಡೆ ಅಲ್ಲ.

ಒಂದೇ ಏಟಿಗೆ ಸುಟ್ಟುಹೋಗುವ ಟ್ಯಾಂಕನ್ನು ಯಾವ ಆಟಗಾರನೂ ಹತ್ತುವುದಿಲ್ಲ. ಹಾಗಾಗಿ ಏಟಿನ ಬಲ ತಗ್ಗಿಸುತ್ತಾರೆ, ತರ್ಕ ಸರಿಯೇ. ನನ್ನ ತಕರಾರೆಂದರೆ, ಸಮತೋಲನಕ್ಕೆ ಬೇಕಾದ ದೌರ್ಬಲ್ಯ ಈ ಆಯುಧಗಳಲ್ಲೇ ಇತ್ತು. ಬ್ರಿಟಿಷ್ ಭಾರತದ ಸೈನಿಕರೂ ಹೊತ್ತ ಪಿಯಾಟ್ ಸುಮಾರು 14.5 ಕಿಲೋ. ಅದರ ಸ್ಪ್ರಿಂಗ್ ಎಳೆಯಲು ಮೈಯ ಬಲವೆಲ್ಲ ಬೇಕು, ಟ್ಯಾಂಕು ನೂರು ಮೀಟರಿನೊಳಗೆ ಬರುವತನಕ ಉಸಿರು ಬಿಗಿಹಿಡಿದು ಕಾಯಬೇಕು. ಪ್ಯಾಂಜರ್‌ಫೌಸ್ಟ್ ಹಗುರ, ಆದರೆ ಹಿಂದಕ್ಕೂ ಬೆಂಕಿ ಉಗುಳುತ್ತದೆ; ಇಕ್ಕಟ್ಟಿನ ಕೋಣೆಯಿಂದ ಹಾರಿಸಿದರೆ ಹಾರಿಸಿದವನಿಗೇ ಅಪಾಯ. ಪಬ್‌ಜಿ (ಬಾಣಲೆ ಗುರಾಣಿಯಾಗುವ ಆಟ!) ಈ ಹಿಂಬೆಂಕಿಯನ್ನು ಲೆಕ್ಕಕ್ಕೆ ತಗೊಂಡಿತು. ಅಷ್ಟರ ಮಟ್ಟಿಗೆ ಅದೇ ಹೆಚ್ಚು ಪ್ರಾಮಾಣಿಕ.

1965ರಲ್ಲಿ ಅಸಲ್ ಉತ್ತರದ ಕಬ್ಬಿನ ಗದ್ದೆಗಳ ನಡುವೆ ಅಬ್ದುಲ್ ಹಮೀದ್ ಜೀಪಿನ ಮೇಲಿನ ರಿಕಾಯ್ಲ್‌ಲೆಸ್ ಗನ್ನಿನಿಂದ ಪ್ಯಾಟನ್ ಟ್ಯಾಂಕುಗಳನ್ನು ಒಡೆದರು. ಇಂಥ ಗನ್ ಹಾರಿದಾಗಲೆಲ್ಲ ಏಳುವ ಧೂಳು, ಹೊಗೆ ಜೀಪು ನಿಂತ ಜಾಗವನ್ನು ಶತ್ರುವಿಗೆ ಹೇಳಿಬಿಡುತ್ತದೆ. ಹಮೀದ್ ಜಾಗ ಬದಲಿಸುತ್ತಲೇ ಹೋರಾಡಿದರು, ಕೊನೆಗೆ ಟ್ಯಾಂಕಿನ ಗುಂಡಿಗೇ ಬಲಿಯಾದರು. ನನ್ನ ತಮ್ಮನ ಪರದೆಯಲ್ಲಿ ಹೊಡೆದವನು ಗುಂಡು ತುಂಬಿಕೊಳ್ಳಲು ಪಕ್ಕದ ಪೆಟ್ಟಿಗೆಯತ್ತ ಓಡುತ್ತಾನೆ.