ಎಣ್ಣೆ ಕುಡಿದ ಚಪ್ಪಲಿ

ಅಥಣಿ, ನಿಪ್ಪಾಣಿಗಳ ಚಪ್ಪಲಿಗೆ ಕೊಲ್ಹಾಪುರದ ಹೆಸರು ಅಂಟಿದೆ. ಈ ಚಪ್ಪಲಿಗೆ ಭೌಗೋಳಿಕ ಸೂಚಕ ಸಿಕ್ಕ 8 ಜಿಲ್ಲೆಗಳಲ್ಲಿ 4 ನಮ್ಮ ಕರ್ನಾಟಕದವು, ಬೆಳಗಾವಿಯೂ ಸೇರಿ, ಅಷ್ಟು ಸಮಾಧಾನ.

ಜಾಲಿ ತೊಗಟೆ, ಅಳಲೆಕಾಯಿಯಲ್ಲಿ ಹದಗೊಂಡ ಆ ತೊಗಲಿಗೆ ನೀರು ಆಗಿಬರದು. ಮಳೆಗೆ ನೆಂದರೆ ಅಟ್ಟೆ ಉಬ್ಬುತ್ತದೆ, ಒಣಗಿದರೆ ಸೆಟೆದುಕೊಳ್ಳುತ್ತದೆ. ಅದಕ್ಕೇ ಎಣ್ಣೆ. ಅರಿವೆ ತುಂಡಿನಿಂದ ತಿಕ್ಕುತ್ತ ಹೋದಂತೆ ತಿಳಿಕಂದು ಬಣ್ಣ ಗಾಢವಾಗುತ್ತ ತೊಗಲು ಎಣ್ಣೆ ಕುಡಿಯುತ್ತದೆ. ಆಮೇಲೆ ನೀರು ಚಿಮುಕಿಸಿ ನೋಡಿ: ಹನಿ ತಟ್ಟನೆ ಇಂಗದೆ ಗುಂಡಗೆ ಕೂರುತ್ತದೆ.

ಹೀಗೆ ನೀರನ್ನು ದೂರವಿಡುವುದರಲ್ಲಿ, ಗಾಜಿಗೆ ಬಳಿಯುವ ಫ್ಲೋರಿನ್ ಬೆರೆತ ಸಿಲೇನ್ ಲೇಪನ ಇನ್ನೂ ಮುಂದೆ ಹೋಗಿದೆ. ಅಣುವಿನ ಸಿಲಿಕಾನ್ ತುದಿ ಗಾಜನ್ನು ಬಿಗಿಯಾಗಿ ಹಿಡಿದರೆ, ಫ್ಲೋರಿನ್ ಬಾಲ ನೀರು, ಎಣ್ಣೆ ಎರಡನ್ನೂ ದೂರವಿಡುತ್ತದೆ. ಅದ್ಭುತವೇ ಸರಿ. ಆದರೆ ಆ ಬಾಲ ಮಣ್ಣಿನಲ್ಲಿ ಸುಲಭಕ್ಕೆ ನಾಶವಾಗದು. ನನ್ನ ಮನಸ್ಸು ಕಟ್ಟೆಯ ಮೇಲೆ ಎಣ್ಣೆ ಹೀರುತ್ತ ಕೂತ ಚಪ್ಪಲಿ ಜೋಡಿಯ ಕಡೆಗೇ.