ಬಾನುಲಿಯ ಕಾಗದಪತ್ರ

ಹಳೆಯ ಬಾನುಲಿ ಪ್ರಸಾರಗಳ ಸಂಗ್ರಹವೆಂದರೆ ದನಿಗಳ ಸಂಗ್ರಹವೆಂದೇ ಬಹಳ ಮಂದಿ ತಿಳಿಯುತ್ತಾರೆ. ಎರಡನೆಯ ಮಹಾಯುದ್ಧದವರೆಗಿನ ಪ್ರಸಾರಗಳ ಮಟ್ಟಿಗೆ ಸಂಗತಿ ತಿರುವುಮುರುವು. ಆ ಕಾಲದ ಬಾನುಲಿಯ ದೊಡ್ಡ ಪಾಲು ಉಳಿದಿರುವುದು ಕಾಗದದಲ್ಲಿ: ಬೆರಳಚ್ಚಿನ ಸ್ಕ್ರಿಪ್ಟು, ಅಂಚಿನಲ್ಲಿ ಪೆನ್ಸಿಲ್ ಗೀಟು, ಮೂಲೆಯಲ್ಲೊಂದು ಮೊಹರು. ಮಾತು ಗಾಳಿಗೆ ಹೋಗುವ ಮುಂಚೆ ಯಾರಾದರೂ ಓದಿ ಒಪ್ಪಬೇಕಿತ್ತು, ಒಪ್ಪಲು ಕಾಗದ ಬೇಕಿತ್ತು. ಮಾತು ಮುಗಿದ ಮೇಲೆ ಅದನ್ನು ಮತ್ತೆ ಕೇಳುವ ದರ್ದು ಯಾರಿಗೂ ಇರಲಿಲ್ಲ. ಅಮೆರಿಕದ ಎನ್‌ಬಿಸಿ, ಸಿಬಿಎಸ್ ಜಾಲಗಳಂತೂ ಧ್ವನಿಮುದ್ರಿತ ಕಾರ್ಯಕ್ರಮವನ್ನು ಪ್ರಸಾರ ಮಾಡುವುದು ತಮ್ಮ ಅಂತಸ್ತಿಗೆ ತಕ್ಕದ್ದಲ್ಲವೆಂದು 1940ರ ದಶಕದಲ್ಲೂ ಬಹುಕಾಲ ಅದನ್ನು ದೂರವೇ ಇಟ್ಟಿದ್ದವು. ಪೂರ್ವ ಕರಾವಳಿಗೆ ಸಂಜೆ ಆಡಿದ ನಾಟಕವನ್ನೇ ನಟರು ಮೂರು ಗಂಟೆ ಬಿಟ್ಟು ಪಶ್ಚಿಮ ಕರಾವಳಿಯವರಿಗಾಗಿ ಇನ್ನೊಮ್ಮೆ ಆಡುತ್ತಿದ್ದರು.

ಕಾಗದದ ಸಂಗ್ರಹಗಳಲ್ಲಿ ಮೊದಲು ಹೆಸರಿಸಬೇಕಾದದ್ದು ಬಿಬಿಸಿಯ ಲಿಖಿತ ದಾಖಲೆಗಳ ಕೇಂದ್ರ. ಇಂಗ್ಲೆಂಡಿನ ರೆಡಿಂಗ್ ಊರಿನ ಕ್ಯಾವರ್ಶಮ್‌ನಲ್ಲಿ 1970ರಲ್ಲಿ ಅದು ಶುರುವಾಯಿತು. ಅದರ ಬೆಲೆ ಏನೆಂಬುದಕ್ಕೆ ಜಾರ್ಜ್ ಆರ್ವೆಲ್ಲರ ಒಂದು ಉದಾಹರಣೆ ಸಾಕು. 1941ರ ಆಗಸ್ಟ್‌ನಿಂದ 1943ರ ನವೆಂಬರ್‌ವರೆಗೆ ಆರ್ವೆಲ್ ಬಿಬಿಸಿಯ ಪೂರ್ವದೇಶಗಳ ವಿಭಾಗದಲ್ಲಿ ಭಾರತದ ಕೇಳುಗರಿಗಾಗಿ ಕಾರ್ಯಕ್ರಮ ರೂಪಿಸುತ್ತಿದ್ದರು. ಭಾರತೀಯ ಕಾರ್ಯಕ್ರಮಗಳ ಹೊಣೆ ಜುಲ್ಫಿಕರ್ ಅಲಿ ಬೊಖಾರಿಯವರದು. ವಾರವಾರದ ಯುದ್ಧವಾರ್ತೆಯ ಸಮೀಕ್ಷೆಯನ್ನು ಆರ್ವೆಲ್ ಬರೆದುಕೊಟ್ಟರೆ ಮೊದಮೊದಲು ಬೊಖಾರಿ ಮುಂತಾದವರು ಓದುತ್ತಿದ್ದರು. 1942ರ ಕೊನೆಯ ಹೊತ್ತಿಗೆ ಆರ್ವೆಲ್ ತಮ್ಮ ಹೆಸರಿನಲ್ಲಿ ತಾವೇ ಓದತೊಡಗಿದರು. ಹೀಗೆ ಮೈಕಿನ ಮುಂದೆ ಕೂತ ಆ ಮನುಷ್ಯನ ದನಿ ಇವತ್ತು ಒಂದು ನಿಮಿಷವೂ ಉಳಿದಿಲ್ಲ. ‘ವಾಯ್ಸ್’ ಎಂಬ ಸಾಹಿತ್ಯ ಕಾರ್ಯಕ್ರಮದ ಫೋಟೊ ಉಂಟು: ಟಿ. ಎಸ್. ಎಲಿಯಟ್, ಮುಲ್ಕ್ ರಾಜ್ ಆನಂದ್, ವೇಣು ಚಿತಳೆ, ಮುಂದೆ ಆಕಾಶವಾಣಿಯ ಮಹಾನಿರ್ದೇಶಕರಾದ ನಾರಾಯಣ ಮೆನನ್ ಎಲ್ಲರೂ ಮೈಕಿನ ಸುತ್ತ ನೆರೆದಿದ್ದಾರೆ, ಆರ್ವೆಲ್ಲರೂ ಇದ್ದಾರೆ. ಅವರು ಆಡಿದ್ದೇನು ಎಂಬುದಕ್ಕೆ ಸ್ಕ್ರಿಪ್ಟನ್ನೇ ಬಿಚ್ಚಬೇಕು.

ಬಿಚ್ಚಿದವರು ಡಬ್ಲ್ಯೂ. ಜೆ. ವೆಸ್ಟ್. ಬಿಬಿಸಿಯ ಕಡತಗಳಲ್ಲಿ ಅವರಿಗೆ ಸಿಕ್ಕ ಸ್ಕ್ರಿಪ್ಟುಗಳು 1985ರಲ್ಲಿ ಎರಡು ಸಂಪುಟಗಳಾಗಿ ಬಂದವು. ಅಲ್ಲಿಯವರೆಗೆ ಆ ಎರಡು ವರ್ಷಗಳನ್ನು ಜೀವನಚರಿತ್ರಕಾರರು ಲೆಕ್ಕಕ್ಕೆ ಇಟ್ಟದ್ದು ಕಡಿಮೆ. ಅದು ದಂಡವಾದ ಕಾಲವೆಂದು ಆರ್ವೆಲ್ಲರೇ ಹೇಳಿಕೊಂಡಿದ್ದರಲ್ಲ! ಆದರೆ ಆ ಹಾಳೆಗಳ ಮೇಲಿನ ಮೊಹರುಗಳನ್ನು ನೋಡಬೇಕು. ನೀತಿಯ ದೃಷ್ಟಿಯಿಂದ ಒಪ್ಪಿದೆ ಎಂದು ಒಂದು, ಭದ್ರತೆಯ ದೃಷ್ಟಿಯಿಂದ ಒಪ್ಪಿದೆ ಎಂದು ಇನ್ನೊಂದು. ಎರಡೂ ಬಿದ್ದ ಮೇಲೂ ನಂಬಿಕೆಯಿಲ್ಲ. ಓದುವವರು ಒಪ್ಪಿದ ಮಾತು ಬಿಟ್ಟು ಅತ್ತಿತ್ತ ಹೋದರೆ ಪ್ರಸಾರವನ್ನು ಕಡಿಯಲು ಸ್ವಿಚ್ಚಿನ ಬಳಿ ಒಬ್ಬ ಸೆನ್ಸಾರ್ ಅಧಿಕಾರಿ ಕಾದಿರುತ್ತಿದ್ದರು. ‘1984’ ಕಾದಂಬರಿಯಲ್ಲಿ ದಾಖಲೆಗಳನ್ನು ತಿದ್ದುವ ಮಂತ್ರಾಲಯ ಎಲ್ಲಿಂದ ಬಂತೆಂದು ಹುಡುಕುವವರಿಗೆ ಈ ಹಾಳೆಗಳ ಮೂಲೆಯೇ ಒಳ್ಳೆಯ ಜಾಗ. ದನಿಯ ಮುದ್ರಣ ಸಿಕ್ಕಿದ್ದರೆ ಅದರಲ್ಲಿ ಈ ಮೊಹರು ಕೇಳಿಸುತ್ತಿರಲಿಲ್ಲ.

ದನಿಯೇ ಸರ್ವಸ್ವವೆನ್ನುವ ಪಂಥದವರು ಇದನ್ನು ಒಪ್ಪುವುದಿಲ್ಲ. ಸ್ಕ್ರಿಪ್ಟು ಬರೀ ಸಿಪ್ಪೆ, ಬಾನುಲಿ ಇರುವುದು ಉಸಿರಿನಲ್ಲಿ, ತಡವರಿಕೆಯಲ್ಲಿ, ಮೌನದಲ್ಲಿ ಎಂಬುದು ಅವರ ಹಳೆಯ ವಾದ. ಅವರಿಗೆ ಒಂದು ಅಂಕ ಕೊಡಲೇಬೇಕು. 1938ರ ಅಕ್ಟೋಬರ್ 30ರಂದು ಸಿಬಿಎಸ್‌ನಲ್ಲಿ ಆರ್ಸನ್ ವೆಲ್ಸ್ ತಂಡ ಆಡಿದ ‘ವಾರ್ ಆಫ್ ದಿ ವರ್ಲ್ಡ್ಸ್’ ಎಂಬ ಮಂಗಳಗ್ರಹದವರ ದಾಳಿಯ ನಾಟಕದ ಸ್ಕ್ರಿಪ್ಟೂ ಉಂಟು, ಮುದ್ರಣವೂ ಉಂಟು. ಹಾವರ್ಡ್ ಕೋಕ್ ಬರೆದ ಸ್ಕ್ರಿಪ್ಟಿಗೆ ಜಾಲದವರು ಮೊದಲೇ ಕತ್ತರಿ ಹಾಕಿದ್ದರು: ನಿಜವಾದ ಬಿಲ್ಟ್‌ಮೋರ್ ಹೋಟೆಲು ‘ಪಾರ್ಕ್ ಪ್ಲಾಜಾ’ ಆಯಿತು, ಲ್ಯಾಂಗ್ಲಿ ಎಂಬ ಸೇನಾ ವಿಮಾನನೆಲೆ ‘ಲ್ಯಾಂಗ್ಹಮ್’ ಆಯಿತು. ದೇಶಕ್ಕೆ ಧೈರ್ಯ ಹೇಳುವ ಪಾತ್ರ ಅಧ್ಯಕ್ಷರ ಬದಲು ಒಳನಾಡಿನ ಮಂತ್ರಿಯದಾಯಿತು. ಕಾಗದದ ಮೇಲೆ ಎಲ್ಲ ಸರಿಹೋಯಿತು. ಪ್ರಸಾರದ ಹೊತ್ತಿಗೆ ಕೆನ್ನಿ ಡೆಲ್ಮಾರ್ ಎಂಬ ನಟ ಆ ಮಂತ್ರಿಯ ಮಾತನ್ನು ತದ್ವತ್ ಅಧ್ಯಕ್ಷ ರೂಸ್‌ವೆಲ್ಟರ ದನಿಯಲ್ಲಿ ಆಡಿಬಿಟ್ಟರು. ಕತ್ತರಿ ಹಾಕಿದವರನ್ನು ನಟನ ಗಂಟಲು ಸೋಲಿಸಿತೆಂಬುದು ಮುದ್ರಣ ಕೇಳಿದವರಿಗೆ ಮಾತ್ರ ತಿಳಿಯುತ್ತದೆ, ಆದರೆ ಅಲ್ಲಿ ಕತ್ತರಿ ಹಾಕಿದ್ದರು ಎಂಬುದು ಕಾಗದ ಓದಿದವರಿಗೆ ಮಾತ್ರ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳದವರಿಗೆ ಈ ಮೋಜು ದಕ್ಕುವುದಿಲ್ಲ.

ದನಿಯ ತಟ್ಟೆಗಳೂ ಬಾಳಿಕೆಯ ವಸ್ತುಗಳಲ್ಲ. ಟೇಪು ಬರುವ ಮುಂಚೆ ನಿಲಯಗಳು ಬಳಸುತ್ತಿದ್ದದ್ದು ಹದಿನಾರು ಇಂಚಿನ ತಟ್ಟೆ. ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು, ಒಂದು ಬದಿಗೆ ಸುಮಾರು ಹದಿನೈದು ನಿಮಿಷ. ಅಲ್ಯುಮಿನಿಯಂ ತಗಡಿನ ಮೇಲೆ ಮೆರುಗೆಣ್ಣೆಯಂಥ ಲ್ಯಾಕರ್ ಲೇಪ, ಅದರಲ್ಲಿ ಮುಳ್ಳು ಗೀರಿದ ಗೆರೆ. ಯುದ್ಧಕಾಲದಲ್ಲಿ ಅಲ್ಯುಮಿನಿಯಂ ವಿಮಾನಗಳಿಗೆ ಹೋದದ್ದರಿಂದ ತಗಡಿನ ಜಾಗಕ್ಕೆ ಗಾಜು ಬಂತು. ಲೇಪ ಮೆದುವಾಗಿರಲೆಂದು ಅದಕ್ಕೆ ಬೆರೆಸುತ್ತಿದ್ದದ್ದು ನಮ್ಮ ಹರಳೆಣ್ಣೆ! ವರ್ಷಗಳು ಕಳೆದಂತೆ ಆ ಎಣ್ಣೆ ಕೆಟ್ಟು ಬಿಳಿಯ ಜಿಡ್ಡಾಗಿ ಮೇಲೆ ಬರುತ್ತದೆ, ಲೇಪ ಸೆಟೆದು ಬಿರಿಯುತ್ತದೆ, ಕೊನೆಗೆ ಹಕ್ಕಳೆಯಾಗಿ ಏಳುತ್ತದೆ. ಗಾಜಿನದು ಕೈತಪ್ಪಿದರೆ ಕತೆ ಮುಗಿಯಿತು.

ಇಂಥ ತಟ್ಟೆಗಳಲ್ಲಿ ಎಲ್ಲಕ್ಕಿಂತ ಹೆಸರಾದದ್ದು 1937ರ ಮೇ 6ರದು. ನ್ಯೂಜೆರ್ಸಿಯ ಲೇಕ್‌ಹರ್ಸ್ಟ್‌ನಲ್ಲಿ ಹಿಂಡನ್‌ಬರ್ಗ್ ವಾಯುನೌಕೆ ಇಳಿಯುವುದನ್ನು ಷಿಕಾಗೋದ ಡಬ್ಲ್ಯೂಎಲ್‌ಎಸ್ ನಿಲಯಕ್ಕಾಗಿ ಹರ್ಬರ್ಟ್ ಮಾರಿಸನ್ ವರ್ಣಿಸುತ್ತಿದ್ದರು, ಎಂಜಿನಿಯರ್ ಚಾರ್ಲ್ಸ್ ನೆಲ್ಸನ್ ತಟ್ಟೆಗೆ ಇಳಿಸುತ್ತಿದ್ದರು. ನೌಕೆ ಹೊತ್ತಿ ಉರಿದಾಗ ಸ್ಫೋಟದ ಅದುರಿಗೆ ಮುಳ್ಳು ಎಗರಿ ಲ್ಯಾಕರ್‌ನೊಳಗೆ ಆಳವಾಗಿ ಕಚ್ಚಿತು, ನೆಲ್ಸನ್ ಅದನ್ನು ಎತ್ತಿ ಮತ್ತೆ ಇಟ್ಟರು. ಆ ಗುಳಿ ತಟ್ಟೆಯಲ್ಲಿ ಈಗಲೂ ಇದೆ, ಮುಳ್ಳು ಅದರ ಮೇಲೆ ಹಾದಾಗ ‘ದಡ್’ ಎಂದು ಕೇಳುತ್ತದೆ. ಮಾರಿಸನ್ನರ ಪ್ರಸಿದ್ಧ ಕೀಚಲು ದನಿಗೂ ಒಂದು ಕಾರಣವುಂಟು: ಯಂತ್ರ ತುಸು ನಿಧಾನವಾಗಿ ತಿರುಗಿ ಮುದ್ರಿಸಿದ್ದರಿಂದ ಕೇಳಿಸುವಾಗ ವೇಗ ಹೆಚ್ಚುತ್ತದೆ. ಅವರ ನಿಜದ ದನಿ ಅದಕ್ಕಿಂತ ಗಡಸು.

ಹಳೆಯ ಮುದ್ರಣಗಳನ್ನು ತೊಳೆದು ತಿಕ್ಕಿ ಕರಕರ ಸದ್ದೆಲ್ಲ ತೆಗೆದು ‘ಹೊಚ್ಚ ಹೊಸತಾಗಿ’ ಉಣಬಡಿಸುವ ಈಚಿನ ಚಾಳಿಯವರಿಗೆ ಇಲ್ಲೇ ಒಂದು ಮಾತು ಹೇಳಬೇಕು. ಈ ತಟ್ಟೆ ಅವರ ಕೈಗೆ ಸಿಕ್ಕಿದರೆ ಮೊದಲು ಹೋಗುವುದು ಆ ದಡ್ ಎಂಬ ಸದ್ದು. ಅದು ಕೊಳೆಯೆಂದು ಅವರ ಯಂತ್ರಕ್ಕೆ ತೋರುತ್ತದೆ. ಆ ಗಳಿಗೆಯಲ್ಲಿ ಮನುಷ್ಯ ಹೇಳಿದ್ದು ಒಂದು ಸಾಕ್ಷ್ಯವಾದರೆ ಮುಳ್ಳು ಗೀಚಿದ್ದು ಇನ್ನೊಂದು. ವೇಗ ಸರಿಪಡಿಸಲಿ, ಅಡ್ಡಿಯಿಲ್ಲ. ಮೂಲವನ್ನು ಹಾಗೆಯೇ ಇಟ್ಟು, ಏನೇನು ತೆಗೆದೆವೆಂದು ಬರೆದಿಟ್ಟು ಆಮೇಲೆ ತಿಕ್ಕಲಿ.

ಉಳಿದ ತಟ್ಟೆಗಳು ಉಳಿದದ್ದಾದರೂ ಏಕೆಂದು ಕೇಳಿದರೆ ಇತಿಹಾಸಪ್ರಜ್ಞೆಯ ಹೆಸರು ಬರುವುದು ಅಪರೂಪ. ಸಿಯಾಟಲ್‌ನ ಕೈರೊ ನಿಲಯ ಯುದ್ಧಕಾಲದ ಸಿಬಿಎಸ್ ವಾರ್ತೆಗಳನ್ನು ತಟ್ಟೆಗೆ ಇಳಿಸಿಕೊಂಡದ್ದು ಗಡಿಯಾರದ ತೊಂದರೆಗಾಗಿ. ಯುರೋಪಿನ ಸುದ್ದಿ ಬರುವ ವೇಳೆ ಪೆಸಿಫಿಕ್ ಕರಾವಳಿಯ ಕೇಳುಗರಿಗೆ ಹೊಂದುತ್ತಿರಲಿಲ್ಲ. ಮೂಲೆ ಸೇರಿದ್ದ ಆ ತಟ್ಟೆಗಳನ್ನು ವಾಷಿಂಗ್ಟನ್ ವಿಶ್ವವಿದ್ಯಾಲಯದ ಮಿಲೊ ರಯನ್ ಎತ್ತಿಕೊಂಡು ಬಂದು 1963ರಲ್ಲಿ ಪಟ್ಟಿ ಮಾಡಿ ಪ್ರಕಟಿಸಿದರು. ಬಿಬಿಸಿಯಲ್ಲಿ 1936ರಲ್ಲಿ ತಾತ್ಕಾಲಿಕ ಗುಮಾಸ್ತೆಯಾಗಿ ಸೇರಿದ ಮೇರಿ ಸ್ಲೋಕಂಬ್ ಅವರಿಗೆ ಧೂಳು ಹಿಡಿದ ತಟ್ಟೆಗಳ ರಾಶಿಯೊಂದನ್ನು ವಿಲೇವಾರಿ ಮಾಡುವ ಕೆಲಸ ಬಂತು. ಅದರಲ್ಲಿ ಬರ್ನಾರ್ಡ್ ಷಾ, ಚರ್ಚಿಲ್‌ರಂಥವರ ದನಿಗಳಿರುವುದನ್ನು ಕಂಡು ಅವರು ಎಸೆಯದೆ ಇಟ್ಟುಕೊಂಡರು. ಬಿಬಿಸಿಯ ಧ್ವನಿಭಂಡಾರ ಹುಟ್ಟಿದ್ದು ಹಾಗೆ.

ಸ್ಕ್ರಿಪ್ಟು ಮೇಲೋ ದನಿ ಮೇಲೋ ಎಂಬ ಜಗಳವನ್ನು ಬದಿಗಿಡಿಸುವ ಒಂದು ಸಂಗ್ರಹ ಮುಂಬೈಯದು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ಉಷಾ ಮೆಹ್ತಾ ಮತ್ತು ಗೆಳೆಯರು ನಡೆಸಿದ ಗುಪ್ತ ನಿಲಯ ಕಾಂಗ್ರೆಸ್ ರೇಡಿಯೊ. ರಾಮಮನೋಹರ ಲೋಹಿಯಾ ಅದರ ಬೆನ್ನಿಗಿದ್ದರು. ಪ್ರಸಾರ 42.34 ಮೀಟರಿನಲ್ಲಿ, ಹಿಂದೂಸ್ತಾನಿ ಮತ್ತು ಇಂಗ್ಲಿಷಿನಲ್ಲಿ. ಚಿತ್ತಗಾಂಗ್ ಮೇಲಿನ ಬಾಂಬು ದಾಳಿ, ಜಮ್ಶೆಡ್‌ಪುರದ ಮುಷ್ಕರ, ಆಷ್ಟಿ ಮತ್ತು ಚಿಮೂರಿನ ದೌರ್ಜನ್ಯ ಮುಂತಾಗಿ ಪತ್ರಿಕೆಗಳು ಅಚ್ಚುಹಾಕಲಾಗದ ಸುದ್ದಿಗಳು ಅಲ್ಲಿ ಬರುತ್ತಿದ್ದವು. ಪೊಲೀಸರ ಕಣ್ಣು ತಪ್ಪಿಸಲು ಯಂತ್ರವನ್ನು ಮನೆಯಿಂದ ಮನೆಗೆ ಸಾಗಿಸುತ್ತಿದ್ದರು. ತಂತ್ರಜ್ಞನೊಬ್ಬ ಸುಳಿವು ಕೊಟ್ಟದ್ದರಿಂದ ನವೆಂಬರ್ 12ರಂದು ಪ್ರಸಾರ ನಡೆಯುತ್ತಿರುವಾಗಲೇ ದಾಳಿಯಾಯಿತು. ಉಷಾ ಮೆಹ್ತಾ ಅವರಿಗೆ ನಾಲ್ಕು ವರ್ಷ ಜೈಲು.

ಇಂಥ ನಿಲಯ ತನ್ನ ಸ್ಕ್ರಿಪ್ಟನ್ನು ಜೋಪಾನ ಮಾಡುವುದು ಹೇಗೆ? ಸಿಕ್ಕಿದ ಒಂದೊಂದು ಹಾಳೆಯೂ ಶಿಕ್ಷೆಗೆ ದಾರಿ. ಆ ಮಾತುಗಳು ಇವತ್ತು ಓದಲು ಸಿಗುತ್ತಿರುವುದು ಕದ್ದು ಕೇಳಿದ ಪೊಲೀಸರ ದೆಸೆಯಿಂದ. ಆರೋಪ ರುಜುವಾಗಬೇಕಾದರೆ ಏನು ಹೇಳಿದರೆಂಬುದು ಬೇಕು, ಅದಕ್ಕಾಗಿ ಅವರು ಕೂತು ಬರೆದುಕೊಂಡರು. ಉಷಾ ಠಕ್ಕರ್ 2021ರಲ್ಲಿ ಹೊರತಂದ ಪುಸ್ತಕದಲ್ಲಿ ಆ ಪ್ರಸಾರಗಳ ಪಠ್ಯವಿದೆ. ನಿಲಯವನ್ನು ಮುಚ್ಚಿಸಲು ಹೊರಟವರಷ್ಟು ಶ್ರದ್ಧೆಯಿಂದ ಅದನ್ನು ಕೇಳಿದ ಶ್ರೋತೃ ಇನ್ನೊಬ್ಬರಿದ್ದಿರಲಾರರು. 1939ರಲ್ಲಿ ಶುರುವಾದ ಬಿಬಿಸಿಯ ಆಲಿಸುವ ವಿಭಾಗ ಮಾಡುತ್ತಿದ್ದ ಕೆಲಸವೂ ಇದೇ ಜಾತಿಯದು. ಶತ್ರು ನಿಲಯಗಳ ಮಾತನ್ನು ಹಗಲಿರುಳು ಕೇಳಿ ಬರೆದಿಟ್ಟ ಆ ವಿಭಾಗ 1943ರಲ್ಲಿ ಹೋಗಿ ನೆಲೆಸಿದ್ದೂ ಅದೇ ಕ್ಯಾವರ್ಶಮ್‌ಗೆ.

ಕನ್ನಡದ ಮಟ್ಟಿಗೆ ಬಂದರೆ, ಮನಃಶಾಸ್ತ್ರದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಮೈಸೂರಿನ ತಮ್ಮ ಮನೆಯಲ್ಲಿ ನಿಲಯ ಆರಂಭಿಸಿದ್ದು 1935ರಲ್ಲಿ, ಟೇಪು ಬಳಕೆಗೆ ಬರುವುದಕ್ಕೆ ಬಹಳ ಮುಂಚೆ. ಟೇಪಿಗೆ ಹಿಂದಿನ ಕನ್ನಡ ಬಾನುಲಿಯನ್ನು ಹುಡುಕುವವರು ಹಳೆಯ ಪುಸ್ತಕದಂಗಡಿಯ ಹಾದಿ ಹಿಡಿಯುವುದೇ ಮೇಲು. ಎಷ್ಟೋ ಪ್ರಬಂಧ ಸಂಕಲನಗಳಲ್ಲಿ ಬರಹದ ಅಡಿಗೆ ಸಣ್ಣಕ್ಷರದಲ್ಲಿ ‘ಆಕಾಶವಾಣಿಯ ಕೃಪೆ’ ಎಂಬ ಸಾಲಿರುತ್ತದೆ. ಸಾಲಿಲ್ಲದಿದ್ದರೂ ಬರಹದ ಮೈಕಟ್ಟು ಗುಟ್ಟು ಬಿಟ್ಟುಕೊಡುತ್ತದೆ: ಹತ್ತು ನಿಮಿಷದಲ್ಲಿ ಓದಿ ಮುಗಿಯುವ ಅಳತೆ, ಉಸಿರಿಗೆ ತಕ್ಕ ಗಿಡ್ಡ ವಾಕ್ಯ, ಅಂಕಿಅಂಶಗಳ ಬಗ್ಗೆ ಜಿಪುಣತನ, ಮುಖ್ಯ ಹೆಸರನ್ನು ಎರಡೆರಡು ಸಲ ಹೇಳುವ ಎಚ್ಚರ. ಬಾನುಲಿಯಲ್ಲಿ ಎ. ಎಸ್. ಮೂರ್ತಿಯವರು ಆಡುತ್ತಿದ್ದ ‘ಈರಣ್ಣ’ ಪಾತ್ರದ ಧಾಟಿ ಇಂಥ ಕಾಗದದಲ್ಲಿ ಪೂರ್ತಿ ಸಿಗುವುದಿಲ್ಲ, ಅದಕ್ಕೆ ಕೇಳಿದವರೇ ಬೇಕು. ಅಂಗಡಿಯಲ್ಲಿ ಸಿಕ್ಕ ಬರಹದ ತಾರೀಖು ಗೊತ್ತುಮಾಡಲು ಆ ಸಣ್ಣಕ್ಷರದ ಸಾಲೇ ಆಧಾರ. ಮರುಮುದ್ರಣದಲ್ಲಿ ಅದು ಬಿಟ್ಟುಹೋಗುವುದೂ ಉಂಟು, ಆದ್ದರಿಂದ ಕೊಳ್ಳುವವರು ಮೊದಲ ಮುದ್ರಣವನ್ನೇ ಹುಡುಕಬೇಕು.